ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಬಗ್ಗೆ ಮೊದಲೇ ಹೇಳಿ

ಸಂಪಾದಕರಿಗೆ ನಮಸ್ಕಾರ.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಎಷ್ಟೋ ಬಡವರ ಜೀವ ಉಳಿದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀವ ಉಳಿದ ಮೇಲೆ ಆ ಮನುಷ್ಯ ಹೇಗಿದ್ದಾನೆ ಅಂತ ಕೇಳುವವರು ಕಡಿಮೆ. ಕ್ರಿಯಾಟಿನಿನ್ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ತೂಕ ಎಷ್ಟು ಏರಿದೆ, ಅಲ್ಲಿಗೆ ಮಾತು ಮುಗಿಯುತ್ತದೆ.

ನಮ್ಮಣ್ಣ ತೆಂಗಿನ ತೋಟ ನೋಡಿಕೊಂಡಿದ್ದವನು. ಎರಡೂ ಕಿಡ್ನಿ ಹೋದ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಲೆಕ್ಕಕ್ಕೆ ನಾಲ್ಕು ಗಂಟೆ. ಆದರೆ ಬೆಳಗಿನ ಬಸ್ಸು, ಸರದಿ, ಮೆಷಿನ್, ಮತ್ತೆ ಬಸ್ಸು ಅಂತ ಇಡೀ ದಿನ ಹೋಗುತ್ತದೆ. ಮನೆಗೆ ಬಂದು ಮಲಗಿದರೆ ತಲೆ ಎತ್ತಲಾಗುವುದಿಲ್ಲ, ಕಾಲು ಸೆಳೆತ ಬೇರೆ. ಮಾರನೇ ದಿನ ಸ್ವಲ್ಪ ಚೇತರಿಸಿಕೊಳ್ಳುತ್ತಾನೆ, ಅಷ್ಟರಲ್ಲಿ ಮತ್ತೆ ಹೊರಡುವ ದಿನ ಬಂದಿರುತ್ತದೆ. ತೋಟದ ತುಂಬ ಎಳನೀರಿದೆ, ಕೆಟ್ಟ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ಅದರಲ್ಲಿ ಜಾಸ್ತಿ ಅಂತ ಅವನಿಗೆ ಒಂದು ಗುಟುಕೂ ಇಲ್ಲ. ತರಕಾರಿಯನ್ನೂ ಅತ್ತಿಗೆ ಬೇಯಿಸಿ, ನೀರು ಬಸಿದು ಚೆಲ್ಲಿಯೇ ಬಡಿಸಬೇಕು. ಕುಡಿಯುವ ನೀರು ಬೆಳಿಗ್ಗೆ ಒಂದು ಬಾಟಲಿಯಲ್ಲಿ ತುಂಬಿಡುತ್ತಾರೆ, ದಿನಕ್ಕೆ ಅಷ್ಟೇ. ಅರ್ಧ ಲೋಟ ಕಾಫಿ ಕುಡಿದರೆ ಬಾಟಲಿಯಿಂದ ಅರ್ಧ ಲೋಟ ನೀರು ಚೆಲ್ಲುತ್ತಾರೆ. ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ, ಹಾಗಾಗಿ ತೋಟದ ಕೆಲಸವೂ ನಿಂತಿತು.

ಇನ್ನೊಂದು ದಾರಿ ಇದೆ ಅಂತ ನಮಗೆ ಗೊತ್ತಾಗಿದ್ದು ಬಹಳ ತಡವಾಗಿ, ಅದೂ ಆಸ್ಪತ್ರೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತಿದ್ದವರಿಂದ. ಹೊಟ್ಟೆಗೆ ಒಂದು ಸಣ್ಣ ಕೊಳವೆ ಹಾಕಿರುತ್ತಾರೆ. ಸಾಮಾನ್ಯವಾಗಿ ಎರಡು ಲೀಟರಿನ ಚೀಲದಿಂದ ದ್ರಾವಣ ಒಳಗೆ ಬಿಟ್ಟು, ಕೆಲವು ಗಂಟೆ ಆದ ಮೇಲೆ ಹೊರಗೆ ತೆಗೆದು, ಹೊಸದು ತುಂಬಿಸಿಕೊಳ್ಳುವುದು. ದಿನಕ್ಕೆ ಮೂರ್ನಾಲ್ಕು ಸಲ, ಒಂದೊಂದಕ್ಕೆ ಸುಮಾರು ಅರ್ಧ ಗಂಟೆ. ಸೂಜಿ ಇಲ್ಲ, ಬಸ್ಸಿಲ್ಲ, ಊಟದ ಕಟ್ಟುಪಾಡೂ ಸಾಮಾನ್ಯವಾಗಿ ಕಡಿಮೆ. ಪೆರಿಟೋನಿಯಲ್ ಡಯಾಲಿಸಿಸ್ ಅಂತಾರೆ ಇದಕ್ಕೆ. ಕಷ್ಟ ಇದರಲ್ಲೂ ಇದೆ. ಒಂದು ದಿನವೂ ಬಿಡುವಿಲ್ಲ, ಚೀಲದ ಡಬ್ಬಗಳಿಗೆ ಜಾಗ ಬೇಕು, ಕೈ ತೊಳೆಯುವುದರಲ್ಲಿ ಉದಾಸೀನ ಮಾಡಿದರೆ ಹೊಟ್ಟೆಯೊಳಗೆ ಸೋಂಕು ಆಗುತ್ತದೆ, ಹಿಂದೆ ಹೊಟ್ಟೆಯ ದೊಡ್ಡ ಆಪರೇಷನ್ ಆದವರಿಗೆ ಎಷ್ಟೋ ಸಲ ಹೊಂದುವುದಿಲ್ಲ. ಆದರೆ ದೂರದ ಹಳ್ಳಿಯವರಿಗೆ, ದುಡಿದೇ ತಿನ್ನಬೇಕಾದವರಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸ ಅಲ್ವಾ? ಹಾಂಕಾಂಗ್‌ನಲ್ಲಿ 1985ರಿಂದಲೂ ಸರ್ಕಾರಿ ಆಸ್ಪತ್ರೆಗಳು ಮೊದಲು ಇದನ್ನೇ ಕೊಡುತ್ತಾ ಬಂದಿವೆ.

ಕಸಿ ಆದವರ ಬದುಕು ಎಲ್ಲಕ್ಕಿಂತ ಹಸನಾಗುತ್ತದೆ, ನಿಜ. ಆದರೆ ಕಿಡ್ನಿ ಕೊಡುವವರು ಬೇಕಲ್ಲ. ಮನೆಯಲ್ಲಿ ಕೊಡುವವರು ಹೆಚ್ಚಾಗಿ ಅಮ್ಮ, ಇಲ್ಲವೇ ಹೆಂಡತಿ. ಗಂಡಸರು ಯಾಕೆ ಹಿಂದೆ ಸರಿಯುತ್ತಾರೋ, ನೋಡಿದರೆ ಬೇಸರವಾಗುತ್ತದೆ. ಮನೆಯಲ್ಲಿ ಯಾರದೂ ಹೊಂದದಿದ್ದರೆ ರಾಜ್ಯದ ಅಂಗಾಂಗ ದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಾಯಬೇಕು, ಕಸಿ ಆದ ಮೇಲೂ ಆ ಕಿಡ್ನಿ ಇರುವವರೆಗೆ ಮಾತ್ರೆ ತಪ್ಪಿಸುವಂತಿಲ್ಲ. ಅಲ್ಲಿಯವರೆಗೆ ಕಾಯುವ ವರ್ಷಗಳು ಹೇಗಿರಬೇಕು ಅನ್ನುವುದೇ ನನ್ನ ಪ್ರಶ್ನೆ.

ಹೊಟ್ಟೆಯ ಡಯಾಲಿಸಿಸ್‌ಗೂ ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಾಗಿದ್ದ ಮೇಲೆ ಕೈಗೆ ಫಿಸ್ಟುಲಾ ಮಾಡುವ ಮೊದಲೇ ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು, ಕನ್ನಡದಲ್ಲಿ, ಮೂರೂ ದಾರಿಗಳನ್ನು ವಿವರಿಸಲು ಏನು ಅಡ್ಡಿ? ಸುಮ್ನೆ ಒಂದು ಸಹಿ ಹಾಕಿಸಿಕೊಂಡರೆ ಸಾಲದು. ಚೀಲಗಳು ತಿಂಗಳು ತಿಂಗಳು ಹಳ್ಳಿಯ ಮನೆ ಬಾಗಿಲಿಗೇ ಬರಬೇಕು, ಅದನ್ನು ಕಲಿಸಲು ಪ್ರತಿ ಜಿಲ್ಲೆಯಲ್ಲೂ ಒಬ್ಬ ನರ್ಸ್ ಇರಬೇಕು. ಈಗ ಯಾವ ತಾಲ್ಲೂಕಿನಲ್ಲಿ ಎಷ್ಟು ಮಂದಿಗೆ ಇದು ಉಚಿತವಾಗಿ ಸಿಗುತ್ತಿದೆ ಅನ್ನುವ ಪಟ್ಟಿಯನ್ನು ಆರೋಗ್ಯ ಇಲಾಖೆ ಪ್ರಕಟಿಸಲಿ.

– ಒಬ್ಬ ಓದುಗ, ತುಮಕೂರು ಜಿಲ್ಲೆ