ಮಣ್ಣಿನ ಬ್ಲಾಕನ್ನು ನೆನೆಸಿ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ, ಸುಡದ ಮಣ್ಣಿನ ಬ್ಲಾಕಿನಿಂದ ಕಟ್ಟಿದ ಗೋಡೆ ಎರಡು ಮಳೆಗಾಲಕ್ಕೇ ಉದುರಿತು ಎಂಬ ದೂರು ಆಗಾಗ ಕೇಳಿಬರುತ್ತದೆ. ‘ಮಣ್ಣು ಎಷ್ಟಾದರೂ ಮಣ್ಣೇ’ ಎಂದುಕೊಂಡು ಜನ ಮತ್ತೆ ಭಟ್ಟಿ ಇಟ್ಟಿಗೆಗೋ ಸಾಲಿಡ್ ಬ್ಲಾಕಿಗೋ ಹೋಗುತ್ತಾರೆ. ಇದು ಬಹಳ ಬೇಸರದ ಸಂಗತಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಅವರಂಥವರು ದಶಕಗಟ್ಟಲೆ ದುಡಿದು ಹದಗೊಳಿಸಿದ ತಂತ್ರಜ್ಞಾನವಿದು. ಭಟ್ಟಿ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಸುಮಾರು ಮೂರನೇ ಒಂದು ಭಾಗದಲ್ಲಿ ಇದರ ಗೋಡೆ ಎದ್ದು ನಿಲ್ಲುತ್ತದೆ, ಸೌದೆಯ ಮಾತೇ ಇಲ್ಲ. ಹಾಗಿದ್ದರೂ ಗೋಡೆ ಉದುರುವುದೇಕೆ?

ಹೆಚ್ಚಿನ ಕಡೆ ಬ್ಲಾಕನ್ನು ಒಣಗಿದ ಸ್ಥಿತಿಯಲ್ಲೇ ಬಲ ಅಳೆಯುವ ಯಂತ್ರದಲ್ಲಿ ಒತ್ತಿ ನೋಡಿ ‘ಪಾಸ್’ ಮಾಡುತ್ತಾರೆ. ಒಣಗಿದ ಜೇಡಿ ತಾನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಸಿಮೆಂಟ್ ಹೆಸರಿಗಷ್ಟೇ ಇದ್ದರೂ ಯಂತ್ರದ ಮುಳ್ಳು ಮೇಲೇರುತ್ತದೆ. ನೀರು ಕುಡಿದೊಡನೆ ಆ ಹಿಡಿತ ಸಡಿಲವಾಗುತ್ತದೆ. ಆಗ ಉಳಿಯುವುದು ಸಿಮೆಂಟು ಮರಳಿನ ಕಣಗಳನ್ನು ಎಷ್ಟು ಬೆಸೆದಿದೆಯೋ ಅಷ್ಟು ಬಲ ಮಾತ್ರ. ಆದ್ದರಿಂದ ಬ್ಲಾಕನ್ನು 48 ಗಂಟೆ ನೀರಲ್ಲಿ ಮುಳುಗಿಸಿಟ್ಟು, ಮೇಲ್ಮೈ ಒರೆಸಿ, ಕೂಡಲೇ ಒತ್ತಬೇಕು. 230×190×100 ಮಿ.ಮೀ. ಬ್ಲಾಕು ಚದರ ಮಿ.ಮೀ.ಗೆ 3.5 ನ್ಯೂಟನ್ ಒದ್ದೆ ಬಲ ತೋರಬೇಕಾದರೆ 15 ಟನ್ನಿಗೂ ಮಿಕ್ಕ ಭಾರ ತಡೆಯಬೇಕು. ಒಣಗಿದಾಗ ಇದರ ಎರಡರಷ್ಟು ತಡೆದ ಬ್ಲಾಕು ನೆನೆದ ಮೇಲೆ ಇಲ್ಲಿಗೂ ಮುಟ್ಟದೆ ಹೋಗಬಹುದು.

ಒದ್ದೆ ಬಲ ಬರುವುದು ಮೊದಲು ಮಣ್ಣಿನ ಆಯ್ಕೆಯಿಂದ. ಮಿಶ್ರಣದಲ್ಲಿ ಮರಳು ಶೇ 65ರ ಮೇಲಿರಬೇಕು, ಜೇಡಿ ಶೇ 10ರಿಂದ 15ರಷ್ಟು ಸಾಕು. ಬಯಲುಸೀಮೆಯ ಕೆಂಪು ಮಣ್ಣಿನಲ್ಲಿ ಜೇಡಿ ಇದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಶೇ 30 ಜೇಡಿ ಇರುವ ಮಣ್ಣಿಗೆ ಸಮತೂಕದ ಕಲ್ಲಿನ ಕ್ರಷರ್ ಪುಡಿ ಬೆರೆಸಿದರೆ ಜೇಡಿ ಶೇ 15ಕ್ಕೆ ಇಳಿಯುತ್ತದೆ. ಇದನ್ನು ಬಿಟ್ಟು ಸಿಮೆಂಟನ್ನೇ ಏರಿಸುತ್ತಾ ಹೋದರೆ ದುಡ್ಡು ಖರ್ಚಾದೀತೇ ಹೊರತು ಬಲ ಅದಕ್ಕೆ ತಕ್ಕಂತೆ ಏರುವುದಿಲ್ಲ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಲೆಕ್ಕವೇ ಬೇರೆ. ಅದು ನೀರು ಹೀರಿ ಉಬ್ಬುವ ಜಾತಿಯದು, ಬರೀ ಸಿಮೆಂಟಿಗೆ ಬಗ್ಗದು, ಸುಣ್ಣ ಬೇಕು, ಸುಣ್ಣದ ಕೆಲಸ ನಿಧಾನ. ಅಲ್ಲಿ ಗರಸು ಮಣ್ಣು ತರಿಸುವುದೇ ಮೇಲು.

ಎರಡನೆಯದು ತೂಕ. ಹೆಚ್ಚಿನವರು ಎಡವುವುದು ಇಲ್ಲೇ. ಮಿಶ್ರಣವನ್ನು ಬಾಣಲಿಯಲ್ಲಿ ಅಳೆದು ಅಚ್ಚಿಗೆ ಸುರಿದರೆ ಒಂದು ಬ್ಲಾಕು ಗಟ್ಟಿ, ಮತ್ತೊಂದು ಟೊಳ್ಳು. ಈ ಅಳತೆಯ ಬ್ಲಾಕಿಗೆ, ಶೇ 11ರಷ್ಟು ತೇವವಿದ್ದಾಗ, ಸುಮಾರು 8.7 ಕೆ.ಜಿ. ಹಸಿ ಮಿಶ್ರಣ ಬೇಕು. ಆಗ ಒಣಸಾಂದ್ರತೆ (ತೇವ ಬಿಟ್ಟು ಲೆಕ್ಕ ಹಾಕಿದ ಸಾಂದ್ರತೆ) ಘನ ಸೆಂ.ಮೀ.ಗೆ 1.8 ಗ್ರಾಂ ಆಗುತ್ತದೆ. ಯಂತ್ರದ ಪಕ್ಕದಲ್ಲೇ ಒಂದು ತಕ್ಕಡಿ ಇರಲಿ, ಪ್ರತಿ ಬ್ಲಾಕಿಗೂ ತೂಗಿ ಹಾಕಲಿ. ತೇವಕ್ಕೆ ಅಂಗೈಯೇ ಸಾಕು: ಮಿಶ್ರಣವನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕಾರು ಚೂರಾದರೆ ಹದ ಸರಿ, ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಅಂಟಿಕೊಂಡರೆ ಹೆಚ್ಚು.

ಸಿಮೆಂಟು ಎಷ್ಟು ಬಿದ್ದಿದೆ ಎಂಬುದನ್ನು ಕೊಳ್ಳುವವರೇ ಲೆಕ್ಕ ಹಾಕಬಹುದು. ಮಣ್ಣಿನ ತೂಕದ ಶೇ 7ರಷ್ಟು ಹಾಕಿದರೆ 50 ಕೆ.ಜಿ. ಮೂಟೆಗೆ ಈ ಅಳತೆಯ ಬ್ಲಾಕು 95ರಿಂದ 100 ಬರುತ್ತವೆ. ‘ಒಂದು ಮೂಟೆಗೆ 150 ತೆಗೀತೀವಿ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಅಲ್ಲಿ ಸಿಮೆಂಟು ಶೇ 4.5 ಕೂಡ ಇಲ್ಲ ಎಂದು ತಿಳಿಯಿರಿ. ಬೆಳಿಗ್ಗೆ ನೀರು ಹಾಕಿ ಕಲಸಿದ ರಾಶಿಯನ್ನು ಮಧ್ಯಾಹ್ನದವರೆಗೆ ಒತ್ತುವ ಪದ್ಧತಿಯೂ ಅಷ್ಟೇ ಕೆಟ್ಟದ್ದು. ಒತ್ತುವ ಮೊದಲೇ ಸಿಮೆಂಟು ಸೆಟ್ ಆಗತೊಡಗಿರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಬೇಕು.

ಕ್ಯೂರಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಮರುದಿನದಿಂದ ಹುಲ್ಲು ಅಥವಾ ಗೋಣಿ ಹೊದಿಸಿ ಮೂರು ವಾರವಾದರೂ ಒದ್ದೆಯಾಗಿಡಬೇಕು, 28 ದಿನಕ್ಕೆ ಮುಂಚೆ ಗೋಡೆಗೆ ಏರಿಸಬಾರದು. ಕಟ್ಟುವಾಗ ಬ್ಲಾಕಿಗೆ ಸ್ವಲ್ಪ ನೀರು ಕುಡಿಸಿರಬೇಕು. ತೀರಾ ಒಣಗಿದ್ದರೆ ಗಾರೆಯ ನೀರನ್ನೆಲ್ಲ ಹೀರಿ ಬೆಸುಗೆ ಬಿಡುತ್ತದೆ.

ಈ ಬ್ಲಾಕುಗಳಿಗೆ ಐಎಸ್ 1725 ಎಂಬ ಭಾರತೀಯ ಮಾನಕವಿದೆ, 2013ರಲ್ಲಿ ಪರಿಷ್ಕೃತವೂ ಆಗಿದೆ. ಶಾಲೆ, ಅಂಗನವಾಡಿ ಕಟ್ಟಡಗಳಿಗೆ ಮಣ್ಣಿನ ಬ್ಲಾಕು ಬಳಸುವಾಗ ಟೆಂಡರಿನಲ್ಲಿ ‘ಮಾನಕದಂತೆ’ ಎಂದು ಬರೆದು ಕೈತೊಳೆದುಕೊಳ್ಳದೆ, ನೆನೆಸಿದ ಬ್ಲಾಕಿನ ಬಲವನ್ನು ಅಂಕಿಯಲ್ಲೇ ನಮೂದಿಸಬೇಕು. ಪ್ರತಿ ದಿನದ ಮಿಶ್ರಣದ ತೂಕ, ಬಳಸಿದ ಮೂಟೆ, ಬಂದ ಬ್ಲಾಕಿನ ಲೆಕ್ಕವಿರುವ ಪುಸ್ತಕವನ್ನು ಬಿಲ್ಲಿನ ಜೊತೆ ಕಡ್ಡಾಯ ಮಾಡಬೇಕು. ಪರೀಕ್ಷೆಗೆ ದೂರ ಹೋಗಬೇಕಿಲ್ಲ, ಸಿವಿಲ್ ವಿಭಾಗವಿರುವ ಪಾಲಿಟೆಕ್ನಿಕ್‌ಗಳಲ್ಲಿ ಒತ್ತುವ ಯಂತ್ರ ಸಾಮಾನ್ಯವಾಗಿ ಇರುತ್ತದೆ. ಲೋಕೋಪಯೋಗಿ ಇಲಾಖೆ ಮತ್ತು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಗಳು ಮುಂದಿನ ಟೆಂಡರುಗಳಿಂದಲೇ ಇದನ್ನು ಜಾರಿಗೆ ತರಲಿ.

– ಕಟ್ಟಡ ಸಾಮಗ್ರಿ ಪರೀಕ್ಷಕರು, ತುಮಕೂರು