‘ರಿಪೋರ್ಟ್ ನಾರ್ಮಲ್’ ಎಂದಮೇಲೂ ಕೇಳಬೇಕಾದ ಪ್ರಶ್ನೆ

ಮಾನ್ಯರೇ,

ಓದಿನಲ್ಲಿ ಸದಾ ಮುಂದು, ಕೈತುಂಬ ಸಂಬಳ. ಆದರೂ ರಾತ್ರಿ ಮೂರಕ್ಕೇ ಎಚ್ಚರ, ಬೆಳಿಗ್ಗೆ ದವಡೆ ನೋವು, ಬಿಡದ ಎದೆಯುರಿ, ಬಿಗಿದ ಕತ್ತು. ಇಂಥವರು ಹೊಟ್ಟೆಗೊಬ್ಬರು, ಹಲ್ಲಿಗೊಬ್ಬರು ಡಾಕ್ಟರೆಂದು ಅಲೆದು, ‘ರಿಪೋರ್ಟ್ ನಾರ್ಮಲ್, ಟೆನ್ಷನ್ ಮಾಡ್ಕೋಬೇಡಿ’ ಎನ್ನಿಸಿಕೊಂಡು ಮನೆಗೆ ಮರಳುತ್ತಾರೆ. ಬಾಲ್ಯ ಹೇಗಿತ್ತೆಂದು ಯಾರೂ ಕೇಳುವುದಿಲ್ಲ.

ಅಪ್ಪ ಕುಡಿದು ಬಂದು ಹೊಡೆಯುವ ಮನೆಯಲ್ಲಿ ಮಗುವಿಗೆ ಅಂಕಪಟ್ಟಿಯೇ ಆಸರೆ. ಮಾರ್ಕ್ಸ್ ಬಂದ ದಿನ ಏಟು ತಪ್ಪುತ್ತದೆ. ಬೆಳೆದ ಮೇಲೂ ಸುಮ್ಮನೆ ಕೂತರೆ ಏನೋ ಕೆಡುಕಾದೀತೆಂದು ಮೈ ಸದಾ ಎಚ್ಚರದಲ್ಲೇ ಇರುತ್ತದೆ. ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸಾಲ್ ಇಳಿಯಬೇಕಾದ ಹೊತ್ತಿಗೆ ಇಳಿಯದೆ ನಿದ್ದೆ, ಜೀರ್ಣ, ರಕ್ತದೊತ್ತಡ ಏರುಪೇರಾಗುತ್ತವೆ. ಅಮೆರಿಕದ ಜಾರ್ಜಿಯಾದ ಹಳ್ಳಿಗಾಡಿನಲ್ಲಿ ಬಡತನದಲ್ಲಿ ಬೆಳೆದ ಕಪ್ಪುಜನರ ಮಕ್ಕಳ ಬಗ್ಗೆ ಸಂಶೋಧಕ ಜೀನ್ ಬ್ರಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ್ದನ್ನೇ ತೋರಿಸಿತು: ಶಿಕ್ಷಕರು ಮೆಚ್ಚಿದ ಜಾಣ ಮಕ್ಕಳು 19ನೇ ವಯಸ್ಸಿಗೆ ನಡತೆಯಲ್ಲಿ ಚೆನ್ನಾಗಿದ್ದರು, ಆದರೆ ರಕ್ತದೊತ್ತಡ, ಒತ್ತಡದ ಹಾರ್ಮೋನುಗಳನ್ನು ಅಳೆದರೆ ದೇಹ ದಣಿದಿತ್ತು.

ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವಂತಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಇಸಿಜಿ ಮೊದಲು ಆಗಲಿ. ಆಮೇಲೆ, ಬೇರೆ ಯಾರೂ ಇಲ್ಲದಾಗ, ಡಾಕ್ಟರು ‘ಚಿಕ್ಕಂದಿನಲ್ಲಿ ಮನೆಯಲ್ಲಿ ಭಯವಿತ್ತೇ?’ ಎಂದು ಕೇಳಿದರೆ ಸಾಕು. ಮೊದಲ ದಿನವೇ ವಿವರ ಕೆದಕಬಾರದು. ಅಂದು ರಾತ್ರಿ ನಿದ್ದೆ ಇನ್ನಷ್ಟು ಕೆಟ್ಟು, ಅವರು ಮತ್ತೆ ಬಾರದೇ ಹೋಗಬಹುದು. ಆದರೂ ಆ ಪ್ರಶ್ನೆ ಬೇಕು: ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಕೊಡುವ ಹಲ್ಲಿನ ಕವಚ (ನೈಟ್ ಗಾರ್ಡ್) ಹಲ್ಲು ಉಳಿಸುತ್ತದೆ, ಕಡಿಯುವುದನ್ನು ಬಿಡಿಸುವುದಿಲ್ಲ.

ಉಸಿರಾಟದ ಅಭ್ಯಾಸವನ್ನು ಎಲ್ಲರೂ ಹೇಳಿಕೊಡುತ್ತಾರೆ, ತಪ್ಪುವುದೂ ಅಲ್ಲೇ. ಜೋರಾಗಿ ಎಳೆದು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮುಗುಟ್ಟುತ್ತವೆ, ಹೆದರಿಕೆಯೂ ಹೆಚ್ಚುತ್ತದೆ. ಮೂಗಿನಿಂದ ಮೆಲ್ಲಗೆ 4 ಸೆಕೆಂಡು ಎಳೆದು 6 ಸೆಕೆಂಡು ಬಿಡಬೇಕು, ದಿನಕ್ಕೆರಡು ಸಲ, 5 ನಿಮಿಷ. ಕಣ್ಣು ಮುಚ್ಚಿದರೆ ಹಳೆಯದು ನುಗ್ಗಿ ಬರುವವರು ಕಣ್ಣು ತೆರೆದೇ, ಪಾದ ನೆಲಕ್ಕೂರಿ ಕೂರಲಿ. ಇದು ಮೈಯನ್ನು ತಣಿಸುತ್ತದೆ, ಅಷ್ಟೇ. ಬಾಲ್ಯದ ಗಾಯಕ್ಕೆ, ಮಾನಸಿಕ ಆಘಾತಕ್ಕೊಳಗಾದವರಿಗೆ ಚಿಕಿತ್ಸೆ ಕೊಡಲು ತರಬೇತಾದವರೇ ಬೇಕು.

ಸಾವಿರಾರು ರೂಪಾಯಿಯ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಆ ಒಂದು ಪ್ರಶ್ನೆ ಸೇರಲಿ. ‘ಹೌದು’ ಎಂದವರ ಕೈಗೆ ಕನ್ನಡದಲ್ಲೂ ಉಚಿತವಾಗಿ ಮಾತನಾಡಬಹುದಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮನಸ್’ನ 14416 ಸಂಖ್ಯೆಯನ್ನು ರಿಪೋರ್ಟಿನ ಜೊತೆಗೇ ಬರೆದುಕೊಡಲಿ.

– ಆಪ್ತ ಸಮಾಲೋಚಕರು, ಮೈಸೂರು