ಎರಡನೇ ಮುದ್ರಣ ಬಂತು, ಇವರಿಗೆಲ್ಲ ಶರಣು

ನನ್ನ ಪತ್ತೇದಾರಿ ಕಾದಂಬರಿಯ ಎರಡನೇ ಮುದ್ರಣ ಈ ವಾರ ಗದಗಿನ ಪ್ರೆಸ್ಸಿನಿಂದ ಬಂತು. ಮೊದಲ ಮುದ್ರಣದಲ್ಲಿ ಕೃತಜ್ಞತೆಯ ಪುಟವೇ ಇರಲಿಲ್ಲ. ಆಗ ಅಪ್ಪನ ಮೇಲಿನ ಲಂಚದ ಕೇಸು ಇನ್ನೂ ನಡೆಯುತ್ತಿತ್ತು. ಕೆಳ ಕೋರ್ಟು ಬಿಡುಗಡೆ ಮಾಡಿದ ಮೇಲೂ ಸರ್ಕಾರ ಅಪೀಲು ಹೋಗಿತ್ತು. ಯಾರ ಹೆಸರು ಬರೆದರೆ ಯಾರಿಗೆ ತೊಂದರೆಯಾಗುತ್ತದೋ ಅಂತ ಅಂಜಿಕೆ. ಈಗ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಆ ಅಪೀಲು ವಜಾ ಆಗಿದೆ. ಹೆಸರು ಈಗಲೂ ಹಾಕುತ್ತಿಲ್ಲ, ಸುಮಾರು ಜನ ಬೇಡ ಅಂದಿದ್ದಾರೆ. ಅವರು ಏನು ಮಾಡಿದರು ಅನ್ನೋದನ್ನಾದರೂ ಹೇಳಬೇಕು.

ಪುಸ್ತಕ ಓದದವರಿಗೆ ಎರಡು ಮಾತು. ಹಾವೇರಿ ಕಡೆಯ ಒಂದು ಹಾಸ್ಟೆಲಿನಲ್ಲಿ ಹುಡುಗಿಯೊಬ್ಬಳು ಸಾಯುತ್ತಾಳೆ. ಅದನ್ನು ಕಂಡ ಅವಳ ಗೆಳತಿ ಬದುಕಿ ಉಳಿಯುತ್ತಾಳೆ. ಹಾಸ್ಟೆಲಿನ ಅಕ್ಕಿ-ಬೇಳೆ ಬಿಲ್ಲು ಸರಿ ಇಲ್ಲ ಅಂತ ಫೈಲಿನ ಮೇಲೆ ಷರಾ ಬರೆದ ಗುಮಾಸ್ತನೊಬ್ಬ ಲಂಚದ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ. ಹುಡುಗಿಯರಿಬ್ಬರೂ ಕಲ್ಪನೆ. ಗುಮಾಸ್ತ ಪೂರ್ತಿ ಕಲ್ಪನೆ ಅಲ್ಲ.

ಮೊದಲ ನಮಸ್ಕಾರ ಧಾರವಾಡದ ಆಪ್ತಸಮಾಲೋಚಕಿ ಒಬ್ಬರಿಗೆ. ನಮ್ಮ ಕಡೆ ‘ಇವನನ್ನ ಧಾರವಾಡಕ್ಕ ಒಯ್ಯಬೇಕು’ ಅಂತ ಚೇಷ್ಟೆ ಮಾಡುತ್ತಲೇ ಬೆಳೆದವರು ನಾವು. ಅಲ್ಲಿನ ಮಾನಸಿಕ ಆಸ್ಪತ್ರೆಗೆ ಹೋಗಿ ಬರುವವರ ಮನೆಯ ಸಂಕಟವನ್ನು ಹತ್ತಿರದಿಂದ ನೋಡಿದವರು ಈ ಅಕ್ಕ. ನನ್ನ ಹಸ್ತಪ್ರತಿಯನ್ನು ಸಾಲು ಸಾಲಾಗಿ ಓದಿದರು. ಬದುಕುಳಿದ ಹುಡುಗಿ ಆ ರಾತ್ರಿಯನ್ನು ಹೇಗೆ ನೆನಪಿಸಿಕೊಳ್ಳುತ್ತಾಳೆ ಅನ್ನೋದರ ಮೇಲೆ ಒಂದು ಇಡೀ ಮಧ್ಯಾಹ್ನ ಮಾತಾಡಿದೆವು. ಅವಳಿಗೆ ಫಿನಾಯಿಲ್ ವಾಸನೆ ನೆನಪಿದೆ. ವಾರ್ಡನ್ ಸೊಂಟದ ಕೀಲಿಗೊಂಚಲಿನ ಸಪ್ಪಳ ನೆನಪಿದೆ. ಯಾರು ಮೊದಲು ಬಂದರು, ಬಾಗಿಲು ಯಾವಾಗ ಮುಚ್ಚಿತು, ಅದು ಮಂಗಳವಾರವೋ ಬುಧವಾರವೋ, ಇದು ಯಾವುದೂ ನೆಟ್ಟಗೆ ಬರುವುದಿಲ್ಲ. ಜೀವ ಹೋಗುವಂಥ ಭಯದಲ್ಲಿ ಎಷ್ಟೋ ಜನರ ಮನಸ್ಸು ಕೆಲವು ಚೂರುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹಿಂದೆ-ಮುಂದೆ ಯಾವುದು ಅನ್ನೋದು ಕಲಸಿಹೋಗುತ್ತದೆ ಅಂತ ಅವರು ಬಿಡಿಸಿ ಹೇಳಿದರು. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಬರೆಯಬೇಡಿ ಅಂತಲೂ ಹೇಳಿದರು. ಮೊದಲ ಮಹಾಯುದ್ಧದ ಸೈನಿಕರಲ್ಲೇ ಇದನ್ನು ಕಂಡಿದ್ದರೂ, ಅಮೆರಿಕದ ಮನೋವೈದ್ಯರ ಸಂಘ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಅಂತ ಹೆಸರಿಟ್ಟು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಅದೂ ವಿಯೆಟ್ನಾಂ ಯುದ್ಧದಿಂದ ಮರಳಿದವರು ಮತ್ತು ಅವರ ಜೊತೆ ನಿಂತ ವೈದ್ಯರು ಪಟ್ಟು ಹಿಡಿದ ಮೇಲೆ.

ಇನ್ನೊಂದು ಮಾತನ್ನು ಅವರು ಕೈಮುಗಿದು ಕೇಳಿದರು. ‘ಕೊಲೆಗಾರನಿಗೆ ಸಣ್ಣವನಿದ್ದಾಗ ಹೊಡೆತ ಬಿದ್ದಿತ್ತು, ಅದಕ್ಕ ಹಿಂಗ ಆದ ಅಂತ ಮಾತ್ರ ಬರೀಬ್ಯಾಡ್ರಿ. ನನ್ನ ಹತ್ತಿರ ಬರೋರೆಲ್ಲ ಹೊಡೆತ ತಿಂದವರೇ. ಅವರು ಯಾರಿಗೂ ಏನೂ ಮಾಡಿಲ್ಲ.’ ಪತ್ತೇದಾರಿ ಕಥೆಗಳಲ್ಲಿ ಈ ಸುಲಭದ ದಾರಿ ಎಷ್ಟು ಸಲ ಬರುತ್ತದೆ, ಅಲ್ವಾ? ಮನಸ್ಸಿಗೆ ಗಾಯವಾದವರನ್ನು ಕಂಡರೆ ಹೆದರಬೇಕು ಅಂತ ಅದು ಓದುಗರಿಗೆ ಕಲಿಸುತ್ತದೆ. ನನಗೆ ಇದು ನಿಜಕ್ಕೂ ಸಿಟ್ಟು ತರಿಸುವ ವಿಷಯ. ನನ್ನ ಕಥೆಯಲ್ಲಿ ಗಾಯ ಇರುವುದು ಸಾಕ್ಷಿಯಲ್ಲಿ, ಅಪರಾಧಿಯಲ್ಲಿ ಅಲ್ಲ.

ಎರಡನೆಯದು, ಹುಬ್ಬಳ್ಳಿಯ ವಕೀಲ ಕಾಕಾ ಅವರಿಗೆ. ಆಪ್ತಸಮಾಲೋಚಕಿ ಹೇಳಿದ್ದನ್ನು ಇವರ ಮುಂದೆ ಇಟ್ಟಾಗ, ‘ಹಂಗಾದ್ರ ನಿನ್ನ ಕಥಿ ಇಲ್ಲೇ ಐತಿ ನೋಡವಾ’ ಅಂದರು. ಪೊಲೀಸರ ಮುಂದೆ ಸಾಕ್ಷಿ ಹೇಳಿದ್ದನ್ನು ಬರೆದುಕೊಳ್ಳುವವರು ತನಿಖಾಧಿಕಾರಿ. ಕಾನೂನಿನ ಪ್ರಕಾರ ಅದಕ್ಕೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ. ಪ್ರಾಮಾಣಿಕ ಅಧಿಕಾರಿಯಾದರೆ ಇದು ಸಾಕ್ಷಿಗೇ ರಕ್ಷಣೆ. ಅಪ್ರಾಮಾಣಿಕನಾದರೆ ಏನು ಬರೆಯಬೇಕು, ಏನು ಬಿಡಬೇಕು ಅನ್ನೋದು ಅವನ ಕೈಯಲ್ಲಿ. ಹುಡುಗಿ ಮೊದಲ ಸಲ ಒಂದು ಕ್ರಮದಲ್ಲಿ ಹೇಳುತ್ತಾಳೆ, ಎರಡನೇ ಸಲ ಇನ್ನೊಂದು ಕ್ರಮದಲ್ಲಿ. ‘ಹೇಳಿಕೆಗಳಲ್ಲಿ ವ್ಯತ್ಯಾಸ ಕಂಡುಬಂದಿದೆ’ ಅಂತ ಒಂದು ಸಾಲು. ಅಷ್ಟೇ ಸಾಕು, ಬಿ ರಿಪೋರ್ಟ್ ತಯಾರು, ಅಂದರೆ ಕೇಸು ಮುಚ್ಚಬಹುದು ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ. ಯಾರೂ ಸುಳ್ಳು ಸಾಕ್ಷಿ ಹುಟ್ಟಿಸಬೇಕಿಲ್ಲ. ಹುಡುಗಿಯ ಗಾಯವೇ ಅವಳ ವಿರುದ್ಧದ ಸಾಕ್ಷಿಯಾಗುತ್ತದೆ. ನಾನು ಈ ಕಾದಂಬರಿ ಬರೆದದ್ದೇ ಇಷ್ಟನ್ನು ಹೇಳೋಕೆ.

ಬಿ ರಿಪೋರ್ಟ್ ಬಂದರೆ ಎಲ್ಲ ಮುಗೀತು ಅಂತ ನಮ್ಮಲ್ಲಿ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ, ದೂರು ಕೊಟ್ಟವರು ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ದಾಖಲಿಸುವ ದಾರಿಯೂ ಇದೆ. ಜನ ಅದನ್ನು ಇವತ್ತಿಗೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ ನಂಬರು ಹಿಡಿದು ‘ಒಂದ್ ಅರವತ್ನಾಲ್ಕು’ ಅಂತಲೇ ಕರೆಯುತ್ತಾರೆ. 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 183ನೇ ಕಲಂ. ಕಥೆಯ ಕೊನೆಯ ಭಾಗ ನಿಂತಿರುವುದು ಆ ತಕರಾರು ಅರ್ಜಿಯ ಮೇಲೆ. ಅದನ್ನು ಕಾಕಾ ತಮ್ಮ ಕೇಸಿನ ಅರ್ಜಿಯಂತೆಯೇ ತಿದ್ದಿಕೊಟ್ಟರು. ಒಂದು ರೂಪಾಯಿ ಫೀ ತೆಗೆದುಕೊಳ್ಳಲಿಲ್ಲ.

ಮೂರನೆಯವರು ನಿವೃತ್ತ ಹವಾಲ್ದಾರರು. ಲಂಚದ ಟ್ರ್ಯಾಪ್ ಹೇಗೆ ನಡೆಯುತ್ತದೆ ಅಂತ ನಮ್ಮ ಮನೆಯ ಪಡಸಾಲೆಯಲ್ಲೇ ಮಾಡಿ ತೋರಿಸಿದರು. ಪಂಚರ ಎದುರು ನೋಟಿನ ನಂಬರುಗಳನ್ನು ಬರೆದುಕೊಳ್ಳುತ್ತಾರೆ. ನೋಟಿಗೆ ಫಿನಾಫ್ತಲೀನ್ ಪೌಡರ್ ಸವರಿ ದೂರುದಾರನ ಜೇಬಿಗೆ ಇಡುತ್ತಾರೆ. ಹಣ ಕೈ ಬದಲಾಯಿತು ಅಂತ ಸನ್ನೆ ಬಂದ ಕೂಡಲೇ ಒಳಗೆ ನುಗ್ಗಿ, ಆರೋಪಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಾಟಲಿಗೆ ತುಂಬಿ, ಅರಗಿನ ಮುದ್ರೆ ಒತ್ತಿ ಲ್ಯಾಬಿಗೆ ಕಳಿಸುತ್ತಾರೆ. ‘ಕೈಗೆ ಪೌಡರ್ ಹತ್ತೇತಿ ಅನ್ನೂದು ಖರೆ ಅಕ್ಕಾರ. ಆದ್ರ ಆ ನೋಟು ಕೈಗೆ ಹೆಂಗ ಬಂತು ಅಂತ ಬಾಟ್ಲಿ ಹೇಳೂದಿಲ್ರಿ’ ಅಂದರು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಹೇಳಿದ್ದೂ ಇದರ ಹತ್ತಿರದ್ದೇ. ಹಣ ಸಿಕ್ಕಿತು ಅಂದರೆ ಸಾಲದು, ಕೇಳಿದ್ದೂ ತೆಗೆದುಕೊಂಡಿದ್ದೂ ಸಾಬೀತಾಗಬೇಕು. ದೂರುದಾರ ಸತ್ತಿದ್ದರೆ ಅಥವಾ ತಿರುಗಿಬಿದ್ದರೆ ಸಾಂದರ್ಭಿಕ ಸಾಕ್ಷ್ಯದಿಂದಲೂ ಸಾಬೀತು ಮಾಡಬಹುದು, ಆದರೆ ಸಾಬೀತಂತೂ ಆಗಲೇಬೇಕು. ಅಂದಹಾಗೆ, ಟ್ರ್ಯಾಪ್ ಅನ್ನೋದೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಲಂಚ ಕೊಟ್ಟು ಕೊಟ್ಟು ಸೋತ ಎಷ್ಟೋ ಬಡವರಿಗೆ ಉಳಿದಿರುವ ಒಂದೇ ದಾರಿ ಅದು. ಅದೇ ದಾರಿಯನ್ನು ಪ್ರಾಮಾಣಿಕನ ಮೇಲೆ ತಿರುಗಿಸಿದಾಗ ಎಷ್ಟು ಅನ್ಯಾಯ ಆಗುತ್ತದೆ ಅನ್ನೋದು ನನ್ನ ಮಾತು.

ಇನ್ನು ಅಪ್ಪ.

ಅಪ್ಪ ಒಂದು ಬಿಲ್ಲು ಪಾಸು ಮಾಡಲಿಲ್ಲ. ಕೆಲವೇ ದಿನಗಳಲ್ಲಿ ಅವರ ಟೇಬಲ್ಲಿನ ಫೈಲಿನೊಳಗೆ ನೋಟುಗಳಿದ್ದವು. ಫೈಲು ಬಿಚ್ಚಿದ ಬೆರಳು ಗುಲಾಬಿಯಾಯಿತು. ಸಸ್ಪೆಂಡು, ಅರ್ಧ ಪಗಾರ, ಇಲಾಖಾ ವಿಚಾರಣೆ, ಕೋರ್ಟು. ಆಫೀಸಿನ ಒಬ್ಬರೂ ಮನೆ ಕಡೆ ಬರಲಿಲ್ಲ. ಇದೆಲ್ಲ ಕಾಗದದಲ್ಲಿ ಇರುವ ಸಂಗತಿ. ಕಾಗದದಲ್ಲಿ ಇಲ್ಲದ್ದು ಬೇರೆ. ಅಪ್ಪ ಊಟಕ್ಕೆ ಮುಂಚೆ ಕೈ ತೊಳೆಯಲು ಹೋದರೆ ಬಹಳ ಹೊತ್ತು ಬರುತ್ತಿರಲಿಲ್ಲ. ನೀರನ್ನು ಬಿಳಿ ಬೋಗುಣಿಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ ನೋಡುತ್ತಿದ್ದರು. ಮನೆ ಮುಂದೆ ಜೀಪು ನಿಂತರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಯಾರಾದರೂ ಫೈಲು ಅಂದರೆ ಸಾಕು, ಎದೆ ಹಿಡಿದುಕೊಳ್ಳುತ್ತಿದ್ದರು. ಕೋರ್ಟು ಬಿಡುಗಡೆ ಮಾಡಿದ ದಿನವೂ ಹಾಗೇ ಕೈ ತೊಳೆದರು.

ಅದಕ್ಕೇ ನನ್ನ ಕಥೆ ಅಪರಾಧಿ ಯಾರು ಅಂತ ಗೊತ್ತಾದ ಮೇಲೂ ಮುಗಿಯುವುದಿಲ್ಲ. ಒಬ್ಬ ಕೆಟ್ಟ ಅಧಿಕಾರಿ ಜೈಲಿಗೆ ಹೋದ ಕೂಡಲೇ ಆಫೀಸು ಶುದ್ಧವಾಯಿತು ಅಂತ ಮುಗಿಸೋಕೆ ನನಗೆ ಮನಸ್ಸು ಬರಲಿಲ್ಲ. ಬಿಲ್ಲಿಗೆ ಸಹಿ ಮಾಡಿದವರು, ಮೇಲೆ ಕಳಿಸಿದವರು, ಕಂಡೂ ಸುಮ್ನೆ ಇದ್ದವರು, ಎಲ್ಲರೂ ಅಲ್ಲೇ ಇರುತ್ತಾರಲ್ಲ. ಬ್ಯಾಡಗಿಯ ಓದುಗರೊಬ್ಬರು ಫೋನು ಮಾಡಿ, ‘ಕೊನೀಗೆ ಸಮಾಧಾನ ಆಗ್ಲಿಲ್ರಿ, ಆದ್ರ ನಮ್ಮ ತಮ್ಮನ ನೆನಪು ಬಂತು’ ಅಂದರು. ಅವರ ಜೊತೆ ಬಹಳ ಹೊತ್ತು ಮಾತಾಡಿದೆ. ಆ ಫೋನು ಮಾಡಿದ್ದಕ್ಕೆ ಅವರಿಗೆ ಋಣಿ.

ಅಪ್ಪ ಪೂರ್ತಿ ಹಸ್ತಪ್ರತಿ ಓದಿದರು. ಬೋಗುಣಿಯ ಸಂಗತಿ ತೆಗೆದುಬಿಡಲೇ ಅಂತ ಕೇಳಿದೆ. ‘ಇರ್ಲಿ ಬಿಡು, ಖರೇನ ಐತಲ್ಲ’ ಅಂದರು. ಆ ಒಪ್ಪಿಗೆ ಇಲ್ಲದಿದ್ದರೆ ಈ ಪುಸ್ತಕವೇ ಇಲ್ಲ. ಈಗ ಅವರು ಧಾರವಾಡದ ಅದೇ ಅಕ್ಕನ ಹತ್ತಿರ ಹೋಗುತ್ತಾರೆ. ಬಸ್ಸಿನಲ್ಲಿ ಒಬ್ಬರೇ ಹೋಗಿ ಬರುತ್ತಾರೆ. ಹೋಗಿಬಂದ ದಿನ ನಿದ್ದೆ ಚೆನ್ನಾಗಿ ಬರುತ್ತದೆ ಅನ್ನುತ್ತಾರೆ.

ಪುಸ್ತಕ ಓದಿ ಮನಸ್ಸು ಕಲಕಿದವರು, ತಮ್ಮ ಮನೆಯಲ್ಲೂ ಇಂಥವರನ್ನು ಕಂಡವರು ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ ಸಹಾಯವಾಣಿ ಇದು. ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಸಲ ನಂಬರನ್ನು ಪುಸ್ತಕದ ಹಿಂದಿನ ಪುಟದಲ್ಲೇ ಹಾಕಿಸಿದ್ದೇನೆ.

ಗದಗಿನ ಪ್ರೆಸ್ಸಿನಲ್ಲಿ ರಾತ್ರಿ ಕೂತು ಕರಡು ತಿದ್ದಿದ ಅಣ್ಣನಿಗೆ, ಹುಬ್ಬಳ್ಳಿಯ ಪುಸ್ತಕದಂಗಡಿಯಲ್ಲಿ ಹೊಸ ಲೇಖಕಿಯ ಪುಸ್ತಕವನ್ನು ಎದುರಿಗೇ ಇಟ್ಟ ಮಾಲೀಕರಿಗೆ, ‘ನುಡಿ’ ತಂತ್ರಾಂಶದಲ್ಲಿದ್ದ ಅಕ್ಷರವನ್ನೆಲ್ಲ ಯೂನಿಕೋಡಿಗೆ ತಂದುಕೊಟ್ಟ ಗೆಳತಿಗೆ, ನನ್ನ ಯಜಮಾನರಿಗೆ, ಎಲ್ಲರಿಗೂ ಶರಣು.

ಅವ್ವ ಇನ್ನೂ ಪುಸ್ತಕ ಓದಿಲ್ಲ. ‘ಕಣ್ಣಾರೆ ನೋಡೇನಿ, ಮತ್ತ ಓದಾಕ ಆಗೂದಿಲ್ಲವಾ’ ಅಂದಳು. ಓದಲೇಬೇಕಂತ ಏನೂ ಇಲ್ಲ. ನಾನು ಬರೆಯುತ್ತಿದ್ದಷ್ಟು ದಿನ ನನ್ನ ಮಗನನ್ನು ಶಾಲೆಗೆ ಕಳಿಸಿ, ಕರೆತಂದು, ಉಣ್ಣಿಸಿ ಮಲಗಿಸಿದವಳು ಅವಳೇ. ಈ ಸಲದ ಅರ್ಪಣೆ ಅವ್ವನಿಗೆ.